ಹೊರದೇಶದಾಗ ಪಾಠ ಮಾಡೋ ಟೀಚರ್‌ಗಳು ಮಕ್ಕಳಿಗೆ ಈಸ್ಟರ್ ಅರ್ಥ ಹೇಳೋದು ಹೆಂಗ? ಹಂತ ಹಂತವಾಗಿ

ಬೂದಿ ಬುಧವಾರ, ಅಂದ್ರ ಈಸ್ಟರ್ ಮುಂಚಿನ ಉಪವಾಸ ಶುರು ಆಗೋ ದಿನ, ಹತ್ರ ಬಂತಂದ್ರ ನಂಗ ಒಂದೇ ತರದ ಮೆಸೇಜ್ ಬರಾಕ ಶುರು ಆಗ್ತಾವ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಹೋಗಿ ಗಲ್ಫ್‌ನಾಗ, ಮಾಲ್ಡೀವ್ಸ್‌ನಾಗ, ಥಾಯ್ಲೆಂಡ್‌ನಾಗ, ಆಫ್ರಿಕಾ ಕಡೆ ಟೀಚರ್ ಆಗಿರೋರು ಕೇಳೋದು ಇಷ್ಟು: "ಅಕ್ಕಾ, ಇಲ್ಲಿ ಮಕ್ಕಳು ಈಸ್ಟರ್ ಅಂದ್ರ ಮೊಟ್ಟೆ, ಮೊಲ, ಚಾಕ್ಲೇಟ್ ಅಂತಷ್ಟೇ ತಿಳ್ಕೊಂಡಾರ, ನಿಜವಾದ ಅರ್ಥ ಹೇಳಬಹುದಾ, ಹೇಳಿದ್ರ ಕೆಲಸಕ್ಕ ತೊಂದ್ರಿ ಆಗ್ತೈತಾ?" ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಬರ್ಯೋದಕ್ಕಿಂತ ಎಲ್ಲಾ ಒಂದೇ ಕಡೆ ಬರ್ದಿಟ್ರ ನಿಮಗೂ ಅನುಕೂಲ ಅಂತ ಇದನ್ನ ಬರೀತಿದೀನಿ.

ನನ್ನ ನಿಲುವು ಮೊದಲೇ ಹೇಳಿಬಿಡ್ತೀನಿ. ಕ್ಲಾಸಿನಾಗ ನೀವು ಟೀಚರ್, ಅಲ್ಲಿ "ಕ್ರೈಸ್ತರು ಹಿಂಗ ನಂಬ್ತಾರ" ಅಂತ ಹೇಳ್ಬೇಕು. ಕ್ಲಾಸಿನ ಹೊರಗ ಯಾರಾದ್ರೂ ತಾವಾಗೇ ಬಂದು "ನೀವ್ಯಾಕ ನಂಬ್ತೀರಿ" ಅಂತ ಕೇಳಿದ್ರ, ಆ ದೇಶದ ಕಾನೂನು ಬಿಟ್ಟಷ್ಟು, "ನಾನು ಹಿಂಗ ನಂಬ್ತೀನಿ" ಅಂತ ಹೇಳ್ಬೇಕು. ಈ ಎರಡನ್ನ ಕಲಸಿದಾಗ್ಲೇ ಜಗಳ ಆಗೋದು, ಕೆಲಸ ಹೋಗೋದು. ಪಾಠ ಮಾಡೋದನ್ನ ಒಂದು ಮುಸುಗು ಮಾಡ್ಕೊಂಡು ಒಳಗ ಬ್ಯಾರೆ ಕೆಲಸ ಮಾಡೋದಂದ್ರ ಅದು ಸುಳ್ಳು, ಸುಳ್ಳಿನ ಮ್ಯಾಲ ಪುನರುತ್ಥಾನದ (ಯೇಸು ಸತ್ತು ಎದ್ದು ಬಂದ) ಮಾತು ಕಟ್ಟಾಕ ಆಗಲ್ಲ.

ಬೇಕಾಗೋ ಸಾಮಾನು ಹೆಚ್ಚೇನಿಲ್ಲ. ನಿಮ್ಮ ಕೆಲಸದ ಕಾಂಟ್ರಾಕ್ಟ್‌ನ ಪ್ರತಿ, ಸ್ಕೂಲಿನ ನಿಯಮ ಪುಸ್ತಕ, ಆ ವರ್ಷದ ಕ್ಯಾಲೆಂಡರ್, ಒಂದು ಬೈಬಲ್ (ಅದನ್ನ ತಗೊಂಡು ಹೋಗೋ ಬಗ್ಗೆ ಒಂದನೇ ಹಂತ ಓದ್ರಿ), ಒಂದು ಪುಟದ ಲೆಸನ್ ಪ್ಲಾನ್. ಇದರ ಜೊತಿಗೆ ಸುಮಾರು ಒಂದು ತಿಂಗಳ ಟೈಮ್ ಇಟ್ಕೊಳ್ರಿ, ಹಬ್ಬದ ಹಿಂದಿನ ದಿನ ರಾತ್ರಿ ಕುಂತು ಮಾಡೋ ಕೆಲಸ ಅಲ್ಲ ಇದು.

1. ಮೊದಲು ಆ ದೇಶದ ಕಾನೂನು ತಿಳ್ಕೊಳ್ರಿ

ಇದನ್ನ ಬಿಟ್ಟು ಮುಂದ ಹೋಗಲೇಬ್ಯಾಡ್ರಿ. ದೇಶದಿಂದ ದೇಶಕ್ಕ ಅಜಗಜಾಂತರ ಇರ್ತೈತಿ.

ಮಾಲ್ಡೀವ್ಸ್‌ಗೆ ನಮ್ಮ ಕಡೆ ಟೀಚರ್‌ಗಳು ಹೋಗ್ತಾರ, ಅದಕ್ಕ ಅದನ್ನೇ ಮೊದಲು ಹೇಳ್ತೀನಿ. ಅಲ್ಲಿ ಪ್ರಜೆ ಆಗಿರ್ಬೇಕಂದ್ರ ಮುಸ್ಲಿಂ ಆಗಿರ್ಲೇಬೇಕು ಅಂತ ಸಂವಿಧಾನದಾಗೇ ಐತಿ, ಬ್ಯಾರೆ ಧರ್ಮದ ಪ್ರಚಾರ ಅಪರಾಧ, ಹೊರಗಿನೋರು ಬಹಿರಂಗವಾಗಿ ಆರಾಧನೆ ಮಾಡೋ ಹಂಗೂ ಇಲ್ಲ. ಅಲ್ಲಿ ಕ್ಲಾಸಿನಾಗ ಈಸ್ಟರ್ ಮಾತು ಬ್ಯಾಡ. ಧಾರ್ಮಿಕ ಪುಸ್ತಕ ಬ್ಯಾಗಿನಾಗ ಇಟ್ಕೊಂಡು ಹೋಗೋ ಮುಂಚೆ ಕಸ್ಟಮ್ಸ್ ನಿಯಮ ಓದ್ರಿ. ನಿಮ್ಮ ಹಬ್ಬ ನಿಮ್ಮ ರೂಮಿನಾಗ, ನಿಮ್ಮ ಮನಸಿನಾಗ.

ಗಲ್ಫ್ ಎಲ್ಲಾ ಒಂದೇ ಅಂತ ತಿಳ್ಕೋಬ್ಯಾಡ್ರಿ. ಯುಎಇದಾಗ, ಒಮಾನ್‌ನಾಗ, ಕತಾರ್‌ನಾಗ, ಕುವೈತ್‌ನಾಗ ಸರ್ಕಾರ ಒಪ್ಪಿದ ಜಾಗದಾಗ ಚರ್ಚ್ ಅದಾವ, ಸಾವಿರಾರು ಜನ ಆರಾಧನೆಗೆ ಸೇರ್ತಾರ. ಸೌದಿದಾಗ ಚರ್ಚ್ ಕಟ್ಟಡನೇ ಇಲ್ಲ. ಆದ್ರ ಮುಸ್ಲಿಮರನ್ನ ಬ್ಯಾರೆ ಧರ್ಮಕ್ಕ ಕರ್ಯೋ ಪ್ರಚಾರಕ್ಕ ಇವುಗಳಾಗ ಎಲ್ಲೂ ಅವಕಾಶ ಇಲ್ಲ. ಇಂಡಿಯನ್ ಸ್ಕೂಲ್, ಸಿಬಿಎಸ್‌ಇ ಸಿಲೆಬಸ್, ಮಕ್ಕಳೆಲ್ಲಾ ನಮ್ಮೋರೇ ಅನ್ನೋ ಧೈರ್ಯದ ಮ್ಯಾಲ ಮಾತಾಡಿಬಿಡ್ತಾರ ಕೆಲವರು, ಸ್ಕೂಲ್ ಇಂಡಿಯನ್ ಆದ್ರೂ ನೆಲದ ಕಾನೂನು ಆ ದೇಶದ್ದು.

ನೇಪಾಳ ಪಕ್ಕದ್ದೇ ಅಲ್ಲೇನು ಅಂತ ಹಗುರಾಗಿ ತಗೋಬ್ಯಾಡ್ರಿ. 2015ರ ಸಂವಿಧಾನದ 26ನೇ ವಿಧಿ ಇನ್ನೊಬ್ಬರನ್ನ ಮತಾಂತರ ಮಾಡೋದನ್ನ ನಿಷೇಧ ಮಾಡೈತಿ, 2018ರಿಂದ ಜಾರಿಗೆ ಬಂದ ದಂಡಸಂಹಿತೆ ಪ್ರಕಾರ 5 ವರ್ಷದವರೆಗೂ ಜೈಲು, ವಿದೇಶಿಯರಾದ್ರ ಶಿಕ್ಷೆ ಮುಗಿದ ಮ್ಯಾಲ ಗಡಿಪಾರು. ಚೀನಾದಾಗ ಶಿಕ್ಷಣ ಬ್ಯಾರೆ ಧರ್ಮ ಬ್ಯಾರೆ ಅನ್ನೋ ನಿಯಮ ಬಾಳ ಬಿಗಿ ಐತಿ, ವಿದೇಶಿಯರ ಧಾರ್ಮಿಕ ಚಟುವಟಿಕೆ ಬಗ್ಗೆ 2025ರ ಮೇ 1ರಿಂದ ಇನ್ನೂ ಬಿಗಿಯಾದ ನಿಯಮ ಬಂದಾವ.

ಜಪಾನ್‌ನಾಗ ಸರ್ಕಾರಿ ಸ್ಕೂಲಿನಾಗ ಒಂದು ನಿರ್ದಿಷ್ಟ ಧರ್ಮದ ಬೋಧನೆ ಮಾಡೋ ಹಂಗಿಲ್ಲ, ಆದ್ರ ಬ್ಯಾರೆ ದೇಶದ ಹಬ್ಬ ಅಂತ ಸಂಸ್ಕೃತಿ ಪಾಠದಾಗ ಪರಿಚಯ ಮಾಡೋದು ಬ್ಯಾರೆ ಮಾತು. ಅಮೆರಿಕದ ಪಬ್ಲಿಕ್ ಸ್ಕೂಲಿಗೆ ಜೆ-1 ವೀಸಾ ಮ್ಯಾಲ ಹೋಗೋರು (ಅದು ವಿನಿಮಯದ ಮ್ಯಾಲ ಹೋಗೋ ಟೀಚರ್‌ಗಳಿಗೆ ಕೊಡೋ ವೀಸಾ) ಇದೊಂದು ತಿಳ್ಕೊಂಡಿರ್ರಿ: 1963ರಾಗ ಅಲ್ಲಿನ ಸುಪ್ರೀಂ ಕೋರ್ಟ್, ಸ್ಕೂಲಿನವರೇ ನಡೆಸೋ ಬೈಬಲ್ ಪಾರಾಯಣ ಸಂವಿಧಾನಕ್ಕ ವಿರುದ್ಧ ಅಂತ ಹೇಳ್ತು, ಆದ್ರ ಧರ್ಮದ ಬಗ್ಗೆ ಒಂದು ವಿಷಯ ಅಂತ ಪಾಠ ಮಾಡೋದಕ್ಕ ಅಡ್ಡಿ ಇಲ್ಲ ಅಂತಾನೂ ಹೇಳ್ತು. ಇಂಗ್ಲೆಂಡ್‌ನಾಗ ಧರ್ಮಗಳ ಪರಿಚಯ ಸ್ಕೂಲ್ ಪಾಠದಾಗೇ ಬರ್ತೈತಿ, ಅಲ್ಲಿ ನಿಮಗ ಸಲೀಸು.

ಇನ್ನು ಇಥಿಯೋಪಿಯಾಕ್ಕ ಹೋಗೋರಿಗೆ ಒಂದು ಮಾತು. ಅಲ್ಲಿ ನೀವು ಹೇಳೋದಕ್ಕಿಂತ ಕೇಳೋದೇ ಜಾಸ್ತಿ ಇಟ್ಕೊಳ್ರಿ. ನಾಲ್ಕನೇ ಶತಮಾನದಿಂದ ಕ್ರೈಸ್ತ ನಾಡು ಅದು, ಅಲ್ಲಿ ಈಸ್ಟರ್‌ಗೆ ಫಾಸಿಕಾ ಅಂತಾರ, 55 ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ಉಪವಾಸ ಮಾಡಿ, ಶನಿವಾರ ರಾತ್ರಿಯೆಲ್ಲಾ ಚರ್ಚ್‌ನಾಗ ಕಳೆದು ಉಪವಾಸ ಬಿಡ್ತಾರ. ಮಕ್ಕಳಿಂದಾನೇ ಹೇಳಿಸ್ರಿ, ನಿಮ್ಮ ನಂಬಿಕೆನೂ ಗಟ್ಟಿ ಆಗ್ತೈತಿ.

2. ಕಾಂಟ್ರಾಕ್ಟ್ ಓದ್ರಿ, ಅನುಮತಿ ಬರವಣಿಗೆಯಾಗ ತಗೊಳ್ರಿ

ಕಾಂಟ್ರಾಕ್ಟ್‌ನಾಗ ಪ್ರೊಸೆಲಿಟೈಸಿಂಗ್ ಅನ್ನೋ ಪದ ಇದ್ರ ನಿಲ್ರಿ, ಅಂದ್ರ ಇನ್ನೊಬ್ಬರನ್ನ ತಮ್ಮ ಧರ್ಮಕ್ಕ ಕರ್ಕೊಳ್ಳಾಕ ಪ್ರಯತ್ನ ಮಾಡೋದು ಅಂತ. ಅದು ನಿಷೇಧ ಅಂತ ಬರ್ದಿದ್ರ ಸಹಿ ಮಾಡಿದ ಮ್ಯಾಲ ಪಾಲಿಸ್ಲೇಬೇಕು. ಕೆಲವು ದೇಶದಾಗ ಟೀಚರ್ ವೀಸಾ ಮ್ಯಾಲ ಧಾರ್ಮಿಕ ಕೆಲಸ ಮಾಡಿದ್ರ ವೀಸಾ ನಿಯಮ ಮುರಿದಂಗ ಆಗ್ತೈತಿ, ಅದಕ್ಕ ಬ್ಯಾರೆ ವೀಸಾನೇ ಇರ್ತೈತಿ.

ಅವಕಾಶ ಇರೋ ದೇಶ ಆದ್ರ ಪ್ರಿನ್ಸಿಪಾಲ್ ಅಥವಾ ಕೋಆರ್ಡಿನೇಟರ್‌ಗೆ ಒಂದು ಸಣ್ಣ ಮೇಲ್ ಹಾಕ್ರಿ, "ಜಗತ್ತಿನ ಹಬ್ಬಗಳು ಅನ್ನೋ ಪಾಠದಾಗ ಈಸ್ಟರ್ ಬಗ್ಗೆ ಒಂದು ಪೀರಿಯಡ್ ತಗೋಬೇಕಂತ ಮಾಡೀನಿ, ಕ್ರೈಸ್ತರು ಅದನ್ನ ಯಾಕ ಆಚರಿಸ್ತಾರ ಅಂತ ಹೇಳ್ತೀನಿ, ಲೆಸನ್ ಪ್ಲಾನ್ ಜೊತಿಗಿಟ್ಟೀನಿ, ಪ್ರಾರ್ಥನೆ ಇರಲ್ಲ" ಅಂತ. ಕಾರಿಡಾರ್‌ನಾಗ ಸಿಕ್ಕಾಗ "ಹ್ಞೂಂ ಮಾಡ್ರಿ" ಅಂದಿದ್ದನ್ನ ಅನುಮತಿ ಅಂತ ತಿಳ್ಕೋಬ್ಯಾಡ್ರಿ, ಯಾವುದೋ ಪೋಷಕರು ಕಂಪ್ಲೇಂಟ್ ಕೊಟ್ಟ ದಿನ ಆ ಮಾತು ಯಾರಿಗೂ ನೆನಪಿರಲ್ಲ. ಇಲ್ಲ ಅಂದ್ರ ಇಲ್ಲ, ಒತ್ತಾಯ ಬ್ಯಾಡ.

ಈಸ್ಟರ್ ಒಂದಕ್ಕೇ ಜಾಗ ಕೇಳೋದಕ್ಕಿಂತ ಬ್ಯಾರೆ ಹಬ್ಬಗಳ ಜೊತಿಗಿಟ್ಟು ಕೇಳ್ರಿ. ವರ್ಷದಾಗ ದೀಪಾವಳಿಗೂ ರಂಜಾನ್‌ಗೂ ಬುದ್ಧ ಪೂರ್ಣಿಮೆಗೂ ಒಂದೊಂದು ಪೀರಿಯಡ್ ಕೊಟ್ಟ ಟೀಚರ್ ಈಸ್ಟರ್‌ಗೂ ಒಂದು ಕೊಟ್ರ ಯಾರಿಗೂ ಅನುಮಾನ ಬರಲ್ಲ. ನಮ್ಮ ಕಡೆ ಇದೇನು ಹೊಸದಲ್ಲ, ಕೊಪ್ಪಳದ ಗವಿಮಠದ ಜಾತ್ರೆ ನೋಡಿ, ಮೊಹರಂ ಅಲಾಯಿ ನೋಡಿ, ಕ್ರಿಸ್‌ಮಸ್ ಕೇಕ್ ಹಂಚಿ ಬೆಳೆದೋರು ನಾವು. ಆ ರೂಢಿ ಹೊರಗ ಬಾಳ ಕೆಲಸಕ್ಕ ಬರ್ತೈತಿ.

3. ತಾರೀಕು ನೋಡ್ಕೊಳ್ರಿ

ಈಸ್ಟರ್ ವರ್ಷ ವರ್ಷ ಬದಲಾಗ್ತೈತಿ. ಮಾರ್ಚ್ 21 ಅಥವಾ ಆಮೇಲೆ ಬರೋ ಮೊದಲ ಹುಣ್ಣಿಮೆ ಆದ ನಂತರದ ಭಾನುವಾರ ಅನ್ನೋದು ಲೆಕ್ಕ, ಈ ಹುಣ್ಣಿಮೆ ಚರ್ಚಿನ ಪಟ್ಟಿ ಪ್ರಕಾರದ್ದು. ಹಂಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗ ಯಾವತ್ತಾದ್ರೂ ಬರ್ಬಹುದು. ಆರ್ಥೊಡಾಕ್ಸ್ ಸಭೆಗಳು, ಅಂದ್ರ ಗ್ರೀಸ್, ರಷ್ಯಾ, ಇಥಿಯೋಪಿಯಾ ಕಡೆಯ ಹಳೇ ಕ್ರೈಸ್ತ ಸಭೆಗಳು, ಹಳೇ ಜೂಲಿಯನ್ ಕ್ಯಾಲೆಂಡರ್ ಲೆಕ್ಕ ಹಿಡಿತಾವ. 2025ರಾಗ ಎರಡೂ ಏಪ್ರಿಲ್ 20ಕ್ಕೇ ಬಂದಿದ್ವು. 2026ರಾಗ ನಮ್ಮದು ಏಪ್ರಿಲ್ 5, ಅವರದ್ದು ಏಪ್ರಿಲ್ 12.

ಸೌದಿ, ಕುವೈತ್, ಕತಾರ್, ಒಮಾನ್‌ನಾಗ ವಾರದ ರಜಾ ಶುಕ್ರವಾರ ಶನಿವಾರ, ಹಂಗಾಗಿ ಈಸ್ಟರ್ ಭಾನುವಾರ ನಿಮಗ ಡ್ಯೂಟಿ ದಿನ. ಯುಎಇದಾಗ 2022ರಿಂದ ಶನಿವಾರ ಭಾನುವಾರ ರಜಾ ಆಗೈತಿ.

4. ನಿಮಗೇ ಕಥೆ ಸರಿಯಾಗಿ ಗೊತ್ತಿರ್ಲಿ

ಸಂಡೇ ಸ್ಕೂಲಿನಾಗ ಕೇಳಿದ್ದು ನೆನಪಿದ್ರ ಸಾಕಾಗಲ್ಲ. ಮತ್ತಾಯ 28, ಮಾರ್ಕ 16, ಲೂಕ 24, ಯೋಹಾನ 20 ಮತ್ತು 21 ಓದ್ರಿ, ಆಮೇಲೆ 1 ಕೊರಿಂಥ 15 ಓದ್ರಿ. ಆ ಕೊನೇದನ್ನ ಮೊದಲ ಕಾಲದ ಕ್ರೈಸ್ತ ಬೋಧಕ ಪೌಲ ಬರ್ದಿದ್ದು ಕ್ರಿ.ಶ. 55ರ ಸುಮಾರಿಗೆ, ನಾಲ್ಕು ಸುವಾರ್ತೆಗಳಿಗಿಂತ (ಮತ್ತಾಯ, ಮಾರ್ಕ, ಲೂಕ, ಯೋಹಾನ ಅನ್ನೋ ಯೇಸುವಿನ ಕಥೆಯ ಪುಸ್ತಕಗಳು) ಮುಂಚೆ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರ. ಕ್ರಿಸ್ತ ನಮ್ಮ ಪಾಪಗಳಿಗಾಗಿ ಸತ್ತ, ಹೂಣಿಟ್ರು, ಮೂರನೇ ದಿನ ಎದ್ದು ಬಂದ, ಇಂತಿಂಥೋರಿಗೆ ಕಾಣಿಸಿಕೊಂಡ ಅಂತ ಅದರಾಗ ಪಟ್ಟಿನೇ ಐತಿ. ಕನ್ನಡದಾಗೂ ಓದ್ರಿ, ಇಂಗ್ಲಿಷ್‌ನಾಗೂ ಓದ್ರಿ. ಬಳ್ಳಾರಿಗೆ 1810ರಾಗ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲ್ತು ವರ್ಷಗಟ್ಟಲೆ ಕುಂತು ಬೈಬಲ್ ಅನುವಾದ ಮಾಡಿದ್ರು, ಕನ್ನಡ ಬೈಬಲ್‌ನ ಕಥೆ ನಮ್ಮೂರಿನಿಂದ ಬಿಡಿಸಾಕ ಆಗದಂಗ ಐತಿ. ಇನ್ನೊಂದು ಭಾಷೆಯ ಮಕ್ಕಳಿಗೆ ಅವರ ಮಾತಿನಾಗ ಇದನ್ನ ಹೇಳಾಕ ಹೊರಟೋರು ಆ ತಾಳ್ಮೆ ಕಲೀಬೇಕು.

ಓದುವಾಗ ಎಲ್ಲರೂ ಮಾಡೋ ತಪ್ಪು ಅಂದ್ರ ಭಾನುವಾರಕ್ಕ ಜಿಗಿಯೋದು. ಯೇಸು ಶಿಲುಬೆ ಮ್ಯಾಲ ಸತ್ತ ಶುಕ್ರವಾರ ಇಲ್ದ, ಎದ್ದು ಬಂದ ಭಾನುವಾರ ಬರೀ ಚಮತ್ಕಾರದ ಕಥೆ ಆಗ್ತೈತಿ. ಶಿಷ್ಯರು ಓಡಿ ಹೋಗಿದ್ದು, ಪೇತ್ರ "ಆತ ನಂಗ ಗೊತ್ತಿಲ್ಲ" ಅಂದಿದ್ದು, ಶನಿವಾರ ಏನೂ ಆಗದೇ ಸುಮ್ಮನ ಕುಂತಿದ್ದು, ಇದೆಲ್ಲಾ ಹೇಳಿದ್ರ ಮಾತ್ರ ಭಾನುವಾರದ ಬೆಳಗು ಏನಂತ ಮಕ್ಕಳಿಗೆ ತಿಳೀತೈತಿ. ನಮ್ಮ ಸಭೆಗಳಾಗ ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ, ರಾಯಚೂರಿನ ಆ ಬಿಸಿಲಿನಾಗ, ಶಿಲುಬೆ ಮ್ಯಾಲಿನ ಏಳು ಮಾತು ಕೇಳ್ಕೋತ ಕುಂದರ್ತಾರಲ್ಲ, ಅದು ಸುಮ್ಮನ ಅಲ್ಲ.

5. ಕಥೆಯನ್ನ ವಯಸ್ಸಿಗೆ, ಭಾಷೆಗೆ ತಕ್ಕಂಗ ಇಳಿಸ್ರಿ

ಮಕ್ಕಳಿಗೆ ನಿಮ್ಮ ಇಂಗ್ಲಿಷ್ ಎರಡನೇ ಮೂರನೇ ಭಾಷೆ. ಹತ್ತು ಹನ್ನೆರಡು ಪದ ಮೊದಲೇ ಬೋರ್ಡ್ ಮ್ಯಾಲ ಬರ್ದು ಅರ್ಥ ಹೇಳಿಬಿಡ್ರಿ: ಶಿಲುಬೆ ಅಂದ್ರ ರೋಮನ್ನರು ಶಿಕ್ಷೆ ಕೊಡ್ತಿದ್ದ ಮರದ ಕಂಬ, ಸಮಾಧಿ ಅಂದ್ರ ಇಲ್ಲಿ ಬಂಡೆಯಾಗ ಕೊರೆದ ಗವಿ, ಶಿಷ್ಯ, ಸಾಕ್ಷಿ, ಪುನರುತ್ಥಾನ ಅಂದ್ರ ಸತ್ತ ಮ್ಯಾಲ ದೇಹ ಸಮೇತ ಎದ್ದು ಬರೋದು. ಸಭೆಯಾಗ ನಾವು ಆಡೋ ಮಾತು, "ರಕ್ತದಿಂದ ತೊಳೆಯಲ್ಪಟ್ಟೆ" ಅಂಥವು, ಹೊರಗಿನ ಮಕ್ಕಳಿಗೆ ಹೆದರಿಕೆ ಹುಟ್ಟಿಸ್ತಾವ, ಬಿಟ್ಟುಬಿಡ್ರಿ.

ಎಂಟು ವರ್ಷದ ಒಳಗಿನೋರಿಗೆ ಮೊಳೆ, ರಕ್ತದ ವಿವರ ಬ್ಯಾಡ, "ಅನ್ಯಾಯವಾಗಿ ಕೊಂದ್ರು" ಅಂದ್ರ ಸಾಕು. ಅವರಿಗೆ ಹೆಂಗಸರ ಕಥೆ ಹೇಳ್ರಿ. ಹಿಂಗ:

"ಯೇಸು ಅಂತ ಒಬ್ಬ ಗುರು ಇದ್ದ. ರೋಗದವರನ್ನ ಮುಟ್ಟಿ ವಾಸಿ ಮಾಡ್ತಿದ್ದ, ಯಾರೂ ಸೇರಿಸದೇ ಇದ್ದೋರ ಜೊತಿಗೆ ಕುಂತು ಊಟ ಮಾಡ್ತಿದ್ದ. ದೊಡ್ಡ ಅಧಿಕಾರದಾಗ ಇದ್ದೋರಿಗೆ ಆತನ್ನ ಕಂಡ್ರ ಆಗ್ಲಿಲ್ಲ, ತಪ್ಪಿಲ್ಲದಿದ್ರೂ ಮರಣ ಶಿಕ್ಷೆ ಕೊಟ್ರು. ಗೆಳೆಯರು ಗವಿಯಾಗ ಇಟ್ಟು ದೊಡ್ಡ ಕಲ್ಲು ಮುಚ್ಚಿದ್ರು. ಮೂರನೇ ದಿನ ನಸುಕಿನಾಗ ಕೆಲವು ಹೆಂಗಸರು ಸುಗಂಧ ದ್ರವ್ಯ ತಗೊಂಡು ಹೊಂಟ್ರು, ಕಲ್ಲು ಯಾರು ಉರುಳಿಸಿ ಕೊಡ್ತಾರ ಅಂತ ಮಾತಾಡ್ಕೋತ. ಹೋಗಿ ನೋಡಿದ್ರ ಕಲ್ಲು ಆಗ್ಲೇ ಉರುಳಿತ್ತು. ಮಗ್ದಲದ ಮರಿಯಳು ಅಳ್ಕೋತ ನಿಂತಿದ್ಲು, ಒಬ್ಬಾತ ಬಂದ, ತೋಟದಾತ ಅಂತ ತಿಳ್ಕೊಂಡ್ಲು. ಆತ ಆಕೀನ್ನ ಹೆಸರು ಹಿಡಿದು ಕರೆದ. ಆಗ ಗೊತ್ತಾತು ಆಕೀಗೆ. ಯೇಸು ಸಾವನ್ನ ಗೆದ್ದ, ಸಾವೇ ಕೊನೆ ಅಲ್ಲ ಅಂತ ಕ್ರೈಸ್ತರು ನಂಬ್ತಾರ, ಅದಕ್ಕ ಈ ಹಬ್ಬ."

ಕೊನೇ ಸಾಲಿನ "ಕ್ರೈಸ್ತರು ನಂಬ್ತಾರ" ಅನ್ನೋದನ್ನ ತೆಗೀಬ್ಯಾಡ್ರಿ, ಪಾಠಕ್ಕೂ ಪ್ರಸಂಗಕ್ಕೂ (ಚರ್ಚ್‌ನಾಗ ಮಾಡೋ ಬೋಧನೆಗೂ) ನಡುವೆ ಇರೋ ಗೆರೆ ಅದು.

ದೊಡ್ಡ ಮಕ್ಕಳಿಗೆ ಲೂಕ 24ರ ಎಮ್ಮಾಹು ದಾರಿ ಕಥೆ ಬಾಳ ಚಲೋ. ಸುಮಾರು ಏಳು ಮೈಲಿ ದಾರಿ, ಇಬ್ಬರು ಮನಸು ಮುರ್ಕೊಂಡು ಹೊಂಟಿರ್ತಾರ, ಜೊತಿಗೆ ಬಂದ ಅಪರಿಚಿತ ಯಾರಂತ ರೊಟ್ಟಿ ಮುರಿದಾಗ ತಿಳೀತೈತಿ. ಜೋಡಿ ಜೋಡಿಯಾಗಿ ಮಾತು ಬರೆಸಿ ಆಡಿಸಬಹುದು, ಇಂಗ್ಲಿಷ್ ಟೀಚರ್‌ಗಳಿಗೆ ಭೂತಕಾಲದ ಕ್ರಿಯಾಪದ ಕಲಿಸಾಕೂ ಆಗ್ತೈತಿ. ಆದ್ರ ಮಕ್ಕಳ ಕೈಲಿ ಪ್ರಾರ್ಥನೆ ಹೇಳಿಸೋದು, ಸ್ತುತಿಗೀತೆ ಹಾಡಿಸೋದು ಬ್ಯಾಡ, ಕ್ರೈಸ್ತ ಸಂಸ್ಥೆಯ ಸ್ಕೂಲಾಗಿದ್ದು ಅದು ಅಲ್ಲಿನ ರೂಢಿ ಆಗಿದ್ರ ಮಾತ್ರ ಸರಿ.

6. ಮೊಟ್ಟೆ ಮೊಲ ಬೈಯೋಕೆ ಹೋಗಬ್ಯಾಡ್ರಿ

ಮಕ್ಕಳು ಇಷ್ಟಪಡೋದನ್ನ ಮೊದಲೇ ತಪ್ಪು ಅಂದ್ರ ಮುಂದಿನ ಮಾತು ಕೇಳಲ್ಲ. ಮೊಟ್ಟೆಯಿಂದಾನೇ ಶುರು ಮಾಡ್ರಿ. ಹಿಂದಕ ಯುರೋಪಿನಾಗ ಈಸ್ಟರ್ ಮುಂಚಿನ 40 ದಿನದ ಉಪವಾಸದಾಗ ಮೊಟ್ಟೆ ತಿನ್ನೋ ಹಂಗಿರ್ಲಿಲ್ಲ, ಕೋಳಿ ಇಡೋದು ನಿಲ್ಲಿಸ್ತಾವೇನು, ಕೂಡಿದ ಮೊಟ್ಟೆನೆಲ್ಲಾ ಹಬ್ಬಕ್ಕ ಬಳಸ್ತಿದ್ರು. ಆರ್ಥೊಡಾಕ್ಸ್ ಸಭೆಗಳಾಗ ಕೆಂಪು ಬಣ್ಣ ಹಚ್ಚಿ, ಕ್ರಿಸ್ತನ ರಕ್ತದ ಗುರುತು, ಒಡೆದ ಚಿಪ್ಪು ಅಂದ್ರ ತೆರೆದ ಸಮಾಧಿ ಅಂತಾರ. ಮೊಲ ಜರ್ಮನ್ ಜನರ ರೂಢಿಯಿಂದ ಬಂತು, ಬೈಬಲ್‌ನ ಈಸ್ಟರ್ ಕಥೆಯಾಗ ಅದರ ಸುದ್ದಿ ಇಲ್ಲ. ಮೊಟ್ಟೆಗೆ ಬಣ್ಣ ಹಚ್ಚಿಸ್ರಿ, ಹಚ್ಚೋವಾಗ ಅರ್ಥ ಹೇಳ್ರಿ, ಅಷ್ಟೇ. ಸಸ್ಯಾಹಾರಿ ಮನೆ ಮಕ್ಕಳು ಇದ್ರ ಕಾಗದದ ಮೊಟ್ಟೆ ಕೊಡ್ರಿ.

7. ಮಕ್ಕಳು ಕೇಳೋ ಪ್ರಶ್ನೆಗೆ ತಯಾರಿರ್ರಿ

ನಿಜವಾದ ಕೆಲಸ ಇಲ್ಲೇ ಐತಿ.

"ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆಗೆ ಮೂರು ದಿನ ಹೆಂಗ ಆತು ಮೇಡಂ?" ಗಣಿತದ ಹುಡುಗ್ರು ಇದನ್ನ ಕೇಳೇ ಕೇಳ್ತಾರ. ಯೆಹೂದ್ಯರ ಲೆಕ್ಕದಾಗ ದಿನದ ತುಣುಕನ್ನೂ ಒಂದು ದಿನ ಅಂತ ಎಣಿಸ್ತಿದ್ರು, ಶುಕ್ರವಾರ ಒಂದು, ಶನಿವಾರ ಎರಡು, ಭಾನುವಾರ ಮೂರು.

"ಹಂಗಾದ್ರ ಇದು ಪುನರ್ಜನ್ಮನಾ?" ಥಾಯ್ಲೆಂಡ್, ಭೂತಾನ್ ಕಡೆ ಬೌದ್ಧ ಮನೆ ಮಕ್ಕಳಿಗೆ ಮೊದಲು ಹೊಳೆಯೋದು ಇದೇ, ನಮ್ಮೂರ ಮಕ್ಕಳಿಗೂ ಇದೇ ಹೊಳಿತೈತಿ. ಇಲ್ಲಿ ಅವಸರ ಮಾಡ್ಬ್ಯಾಡ್ರಿ. ಪುನರ್ಜನ್ಮದಾಗ ಇನ್ನೊಂದು ದೇಹ, ಇನ್ನೊಂದು ಬದುಕು. ಕ್ರೈಸ್ತರು ಹೇಳೋದು ಅದೇ ಯೇಸು, ಅದೇ ಕೈಯಾಗಿನ ಗಾಯ, ಸುಟ್ಟ ಮೀನು ತಿಂದ, ಶಿಷ್ಯ ತೋಮನಿಗೆ ಮುಟ್ಟಿ ನೋಡು ಅಂದ, ಆದ್ರ ಆ ದೇಹಕ್ಕ ಇನ್ನ ಸಾವಿಲ್ಲ ಅಂತ. ಯೇಸು ಸಾವಿನಿಂದ ಎಬ್ಬಿಸಿದ ಲಾಜರ ಆಮೇಲೆ ಮತ್ತ ಸಾಯ್ಬೇಕಾದ ಮನುಷ್ಯನೇ, ಯೇಸು ಎದ್ದದ್ದು ಹಂಗಲ್ಲ. ಪೌಲ ಕೊಡೋ ಉದಾಹರಣೆ ಬೀಜದ್ದು, ಅದನ್ನೇ ಹೇಳ್ರಿ, ಭತ್ತ ಬೆಳೆಯೋ ನಾಡಿನ ಮಕ್ಕಳಿಗೆ ಗಂಗಾವತಿ ಸಿಂಧನೂರು ಮಕ್ಕಳಿಗೆ ತಿಳಿದಷ್ಟೇ ಲಗೂನ ತಿಳೀತೈತಿ: ಮಣ್ಣಿಗೆ ಹಾಕಿದ ಕಾಳು ಬ್ಯಾರೆ, ಎದ್ದ ಪೈರು ಬ್ಯಾರೆ ಕಾಣ್ತೈತಿ, ಆದ್ರ ಅದೇ ಕಾಳಿನದು. ಅವರ ನಂಬಿಕೆ ತಪ್ಪು ಅಂತ ಹೇಳೋ ಅವಶ್ಯ ಇಲ್ಲ, ವ್ಯತ್ಯಾಸ ತೋರಿಸಿದ್ರ ಸಾಕು.

"ಯೇಸು ಶಿಲುಬೆ ಮ್ಯಾಲ ಸಾಯ್ಲಿಲ್ಲ ಅಂತ ನಮ್ಮ ಮನ್ಯಾಗ ಹೇಳ್ತಾರ." ಮುಸ್ಲಿಂ ವಿದ್ಯಾರ್ಥಿ ಇದನ್ನ ಹೇಳಬಹುದು, ಕುರಾನ್‌ನ 4ನೇ ಸೂರಾದಾಗ ಹಂಗ ಐತಿ. "ಹೌದು, ಈ ವಿಷಯದಾಗ ಎರಡು ಧರ್ಮದ ನಂಬಿಕೆ ಬ್ಯಾರೆ, ಯೇಸುವನ್ನ ಗೌರವಿಸೋದ್ರಾಗ ಇಬ್ಬರೂ ಅದಾರ" ಅಂತ ಹೇಳಿ ಮುಂದ ಹೋಗ್ರಿ. ವಾದಕ್ಕ ಇಳಿಬ್ಯಾಡ್ರಿ, ಮಗುವನ್ನ ಅದರ ಅಪ್ಪ ಅಮ್ಮನ ವಿರುದ್ಧ ನಿಲ್ಲಿಸಬಾರದು.

"ಯೇಸುವನ್ನ ಕೊಂದೋರು ಯಾರು?" ಇದಕ್ಕ "ಯೆಹೂದ್ಯರು" ಅಂತ ಒಂದೇ ಪದದಾಗ ಉತ್ತರ ಕೊಡೋ ಚಾಳಿ ನಮ್ಮ ಕೆಲವು ಪ್ರಸಂಗಗಳಾಗೂ ಐತಿ. ದಯಮಾಡಿ ಬಿಡ್ರಿ. ಯೇಸು, ತಾಯಿ ಮರಿಯ, ಪೇತ್ರ ಎಲ್ಲರೂ ಯೆಹೂದ್ಯರೇ. ಶಿಕ್ಷೆ ಕೊಟ್ಟಿದ್ದು ರೋಮನ್ ಅಧಿಪತಿ ಪೊಂತ್ಯ ಪಿಲಾತ, ಜೊತಿಗೆ ಅಂದಿನ ಕೆಲವು ಮುಖಂಡರು. ಆ ಒಂದು ಪದದ ಉತ್ತರದಿಂದ ಯುರೋಪಿನಾಗ ಶತಮಾನಗಟ್ಟಲೆ ರಕ್ತ ಹರಿದೈತಿ, ಕ್ಯಾಥೊಲಿಕ್ ಸಭೆ 1965ರಾಗ ಅಧಿಕೃತವಾಗಿ ಆ ಆರೋಪ ಸಲ್ಲದು ಅಂತ ಹೇಳ್ತು.

"ಇದು ನಿಜವಾಗೂ ಆಗಿದ್ದಾ?" ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ಅಧಿಪತಿ ಆಗಿದ್ದ, ಆತನ ಕಾಲಕ್ಕ ಯೇಸುಗೆ ಮರಣ ಶಿಕ್ಷೆ ಆತು ಅನ್ನೋದನ್ನ ಇತಿಹಾಸಕಾರರು ಒಪ್ಪತಾರ. ಎದ್ದು ಬಂದ ಅನ್ನೋದು ನಂಬಿಕೆಯ ಸಾಕ್ಷಿ. ಆ ಕಾಲದಾಗ ಹೆಂಗಸರ ಸಾಕ್ಷಿಗೆ ಬೆಲೆ ಕಮ್ಮಿ ಇತ್ತು, ಆದ್ರೂ ನಾಲ್ಕೂ ಸುವಾರ್ತೆ ಮೊದಲ ಸಾಕ್ಷಿ ಹೆಂಗಸರೇ ಅಂತಾವ, ಕಟ್ಟುಕಥೆ ಮಾಡೋರು ಹಂಗ ಬರೀತಿರ್ಲಿಲ್ಲ ಅಂತ ಕ್ರೈಸ್ತರು ಹೇಳ್ತಾರ. ಇಷ್ಟು ಹೇಳಿ, ತೀರ್ಮಾನ ಅವರಿಗೆ ಬಿಡ್ರಿ.

8. ಕ್ಲಾಸಿನ ಹೊರಗ ಕೇಳಿದ್ರ

ಕಾನೂನು ಅಡ್ಡಿ ಇಲ್ಲದ ದೇಶ, ದೊಡ್ಡ ವಯಸ್ಸಿನ ವಿದ್ಯಾರ್ಥಿ ಅಥವಾ ಜೊತಿಗೆ ಕೆಲಸ ಮಾಡೋರು, ತಾವಾಗೇ ಕೇಳಿದ್ರು. ಆಗ ಮುಚ್ಚಿಡಬ್ಯಾಡ್ರಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದೋರಿಗೆ ಉತ್ತರ ಕೊಡಾಕ ಸಿದ್ಧವಾಗಿರ್ರಿ, ಆದ್ರ ಸೌಮ್ಯವಾಗಿ, ಗೌರವದಿಂದ ಅಂತ ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ ಹೇಳ್ತೈತಿ. ನಮ್ಮ ಕಡೆ ಎಷ್ಟೋ ಸಭೆಯೋರು ಈಸ್ಟರ್ ನಸುಕಿನಾಗ ಸಮಾಧಿ ಸ್ಥಳಕ್ಕ ಹೋಗಿ, ಸತ್ತೋರ ಗೋರಿ ಹತ್ರ ಮೇಣದಬತ್ತಿ ಹಚ್ಚಿ ಹಾಡ್ತಾರ. ಯಾಕ ಹಂಗ ಮಾಡ್ತೀರಿ ಅಂತ ಕೇಳಿದ್ರ ಅದನ್ನೇ ಹೇಳ್ರಿ: ಅಲ್ಲಿ ಮಲಗಿರೋ ನಮ್ಮಪ್ಪ, ನಮ್ಮಜ್ಜಿ ಮತ್ತ ಎದ್ದೇಳ್ತಾರ ಅಂತ ನಾವು ನಂಬ್ತೀವಿ. ದೊಡ್ಡ ದೊಡ್ಡ ಸಿದ್ಧಾಂತಕ್ಕಿಂತ ಇದು ನೇರ ಎದಿಗೆ ಮುಟ್ಟತೈತಿ, ಯಾಕಂದ್ರ ಎಲ್ಲರ ಮನ್ಯಾಗೂ ಒಂದು ಸಾವು ಆಗಿರ್ತೈತಿ.

18 ವರ್ಷದ ಒಳಗಿನೋರ ಜೊತಿಗೆ ಒಬ್ಬರೇ ಕುಂತು ಧರ್ಮದ ಮಾತು ಬ್ಯಾಡ, ಪೋಷಕರಿಗೆ ಗೊತ್ತಿಲ್ಲದಂಗ ಚರ್ಚ್‌ಗೆ ಕರ್ಕೊಂಡು ಹೋಗೋದು ಬ್ಯಾಡವೇ ಬ್ಯಾಡ. ಮಾರ್ಕ್ಸು, ಗಿಫ್ಟು, ಟ್ಯೂಷನ್ ಫೀಸ್ ಮಾಫಿ ಇಂಥವುಗಳನ್ನ ಈ ಮಾತಿನ ಹತ್ರಕ್ಕೂ ತರಬ್ಯಾಡ್ರಿ, ಆಮಿಷ ಅಂತಾರ ಅದಕ್ಕ, ಅನ್ನೋದ್ರಾಗ ತಪ್ಪೂ ಇಲ್ಲ. ವಾಟ್ಸಾಪ್‌ನಾಗ ಮಕ್ಕಳಿಗೆ ವಚನ ಕಳಿಸೋದು, ಕ್ಲಾಸಿನ ಫೋಟೋ ತೆಗೆದು "ಸೇವೆ ನಡೆದೈತಿ" ಅಂತ ನಮ್ಮೂರ ಸಭೆಯ ಗ್ರೂಪಿಗೆ ಹಾಕೋದು, ಇವೆರಡರಿಂದ ಎಷ್ಟು ಜನ ಸಿಕ್ಕಿಬಿದ್ದಾರ ಹೇಳಾಕ ಆಗಲ್ಲ. ಊರಿನಾಗ ನಮ್ಮ ಪಾಸ್ಟರು, ಫಾದರು, ಮನೆಯೋರಿಗೂ ಇದನ್ನ ಮೊದಲೇ ತಿಳಿಸಿ ಹೇಳ್ರಿ.

9. ಕಂಪ್ಲೇಂಟ್ ಬಂದ್ರ

ಮಾತಿಗೆ ಮಾತು ಬೆಳೆಸದೇ ಪ್ರಿನ್ಸಿಪಾಲ್ ಹತ್ರ ಹೋಗಿ ಮೇಲ್, ಲೆಸನ್ ಪ್ಲಾನ್ ತೋರಿಸ್ರಿ. ಪೋಷಕರ ಜೊತಿಗೆ ಮೀಟಿಂಗ್ ಇದ್ರ ಸ್ಕೂಲಿನೋರು ಒಬ್ಬರು ಕುಂತಿರ್ಲಿ. ಏನು ಹೇಳಿದ್ರಿ ಅನ್ನೋದನ್ನ ಅದೇ ದಿನ ತಾರೀಕು ಹಾಕಿ ಬರ್ದಿಟ್ಕೊಳ್ರಿ. ಪೊಲೀಸ್ ಮಟ್ಟಕ್ಕ ಹೋದ್ರ ಗೊತ್ತಿಲ್ಲದ ಭಾಷೆಯಾಗಿನ ಕಾಗದಕ್ಕ ಸಹಿ ಮಾಡಬ್ಯಾಡ್ರಿ, ಭಾರತದ ರಾಯಭಾರ ಕಚೇರಿಗೆ ಫೋನ್ ಮಾಡ್ರಿ, ಆ ನಂಬರ್ ಹೋದ ದಿನಾನೇ ಸೇವ್ ಮಾಡ್ಕೊಂಡಿರ್ಬೇಕು.

10. ನಿಮ್ಮ ಹಬ್ಬ ಬಿಡಬ್ಯಾಡ್ರಿ

ಮಕ್ಕಳಿಗೆ ಹೇಳೋ ಗಡಿಬಿಡಿಯಾಗ ಟೀಚರ್‌ಗಳು ತಮ್ಮ ಆರಾಧನೆನೇ ಮರೀತಾರ. ಹತ್ತಿರದ ಚರ್ಚ್ ಎಲ್ಲೈತಿ, ಯಾವ ಭಾಷೆ, ಎಷ್ಟು ಗಂಟೆಗೆ ಅಂತ ಗರಿಗಳ ಭಾನುವಾರಕ್ಕ (ಈಸ್ಟರ್ ಹಿಂದಿನ ಭಾನುವಾರ) ಮುಂಚೆನೇ ವಿಚಾರಿಸ್ರಿ, ಗಲ್ಫ್‌ನ ಚರ್ಚ್‌ಗಳಾಗ ಆ ವಾರ ಬಾಳ ನೂಕುನುಗ್ಗಲು ಇರ್ತೈತಿ. ಆನ್‌ಲೈನ್‌ನಾಗ ನಮ್ಮ ಊರಿನ ನಸುಕಿನ ಆರಾಧನೆ ನೋಡೋರು ಟೈಮ್ ಲೆಕ್ಕ ಹಾಕ್ರಿ, ಇಲ್ಲಿ ಬೆಳಿಗ್ಗೆ 5 ಅಂದ್ರ ದುಬೈದಾಗ 3:30, ಬ್ಯಾಂಕಾಕ್‌ನಾಗ 6:30. 2027ರಾಗ ಈಸ್ಟರ್ ಮಾರ್ಚ್ 28ಕ್ಕೇ ಬರ್ತೈತಿ, ಬಾಳ ಸ್ಕೂಲಿನಾಗ ಪರೀಕ್ಷೆ ಟೈಮ್ ಅದು, ರಜಾ ಅರ್ಜಿನೂ ಲೆಸನ್ ಪ್ಲಾನ್‌ನೂ ಫೆಬ್ರವರಿ ಒಳಗ ಕೊಟ್ಟುಬಿಡ್ರಿ.